ಗಾಜಿನ ತಟ್ಟೆಯ ಕಾವಲು

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಗಾಜಿನ ತಟ್ಟೆ. ಬೆಳಿಗ್ಗೆ ಗಡಿಯಾರದವನ ಹೆಂಡತಿಯ ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕೊಡ ಹೊತ್ತವಳಂತೆ ಮೆಟ್ಟಿಲು ಹತ್ತಿ, ಟೆರೇಸಿನ ನಟ್ಟನಡುವೆ ಒಂದು ಸ್ಟೂಲಿನ ಮೇಲಿಟ್ಟಳು. ಗಡಿಯಾರದವನು ಬಗ್ಗಿ ನೋಡಿದ. ಗಡಿಯಾರ ರಿಪೇರಿ ಅವನ ಕಸುಬು. ಕಟ್ಟಡದವರೆಲ್ಲ ಅವನನ್ನು ಕರೆಯುತ್ತಿದ್ದುದೂ ಹಾಗೆಯೇ.

“ಇದ್ರಲ್ಲಿ ಏನೂ ಇಲ್ವಲ್ಲಮ್ಮಾ?”

“ಸಂಜೆ ಹೊತ್ತಿಗೆ ಇರುತ್ತೆ ಭಾವ. ಗಾಳೀಲಿ ಪ್ಲಾಸ್ಟಿಕ್ಕಿನ ಪುಡಿ ತೇಲ್ತಾ ಇರುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಬಟ್ಟೆ, ಕಂಬಳಿ, ಪೊರಕೆ, ಟೈರು, ಎಲ್ಲದರಿಂದ ಉದುರಿದ್ದು. ನಾವೆಲ್ಲ ಅದನ್ನೇ ಉಸಿರಾಡ್ತಿದ್ದೀವಿ. ಅದು ತಾನಾಗೇ ಬಂದು ಇದ್ರಲ್ಲಿ ಕೂರ್ಬೇಕು. ಯಾರೂ ಹತ್ರ ಬರಕೂಡದು.”

ಗಡಿಯಾರದವನಿಗೆ ನಾದಿನಿಯ ಮೇಲೆ ಹೇಳತೀರದ ಅಭಿಮಾನ. ಗಡಿಯಾರದೊಳಗಿನ ದೂಳಿನ ಜೊತೆ ಗುದ್ದಾಡಿಯೇ ಅವನ ಅರ್ಧ ಆಯುಸ್ಸು ಸವೆದಿತ್ತು. ಈ ಹುಡುಗಿ ಇಡೀ ಆಕಾಶದ ದೂಳನ್ನು ವಿಚಾರಿಸಿಕೊಳ್ಳಲು ಹೊರಟಿದ್ದಳು. ಆದರೆ ಅವಳು ತಟ್ಟೆ ಇಟ್ಟ ಕಡೆಯಲ್ಲೆಲ್ಲ ಜನ ಸುಮ್ಮನಿರುತ್ತಿರಲಿಲ್ಲ. ಒಂದು ಮನೆಯವರು ಅದರಲ್ಲಿ ಬೆಕ್ಕಿಗೆ ಹಾಲು ಹುಯ್ದಿದ್ದರು. ಇನ್ನೊಂದು ಕಡೆ ಯಾರೋ ಸಿಗರೇಟು ಹೊಸಕಿದ್ದರು. ನಾಳೆ ಅವಳು ಗುರುಗಳ ಮುಂದೆ ತನ್ನ ಸಂಶೋಧನೆ ಒಪ್ಪಿಸಬೇಕು. ಇವತ್ತಿನದೂ ಕೆಟ್ಟರೆ ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲು.

“ನೀನು ನಿಶ್ಚಿಂತೆಯಾಗಿ ಹೋಗಿ ಬಾ. ನನ್ನ ಪ್ರಾಣ ಹೋದ್ರೂ ತಟ್ಟೆಗೆ ಏನೂ ಆಗಲ್ಲ,” ಎಂದ.

“ಪ್ರಾಣ ಇರ್ಲಿ ಭಾವ. ಮೈಮೇಲಿನ ಬಟ್ಟೆ ಮಾತ್ರ ಪೂರ್ತಿ ಹತ್ತೀದಾಗಿರ್ಲಿ, ಅಷ್ಟು ಸಾಕು.”

ಅಷ್ಟು ಸಾಕಾಯಿತು, ಅವನ ಮಾನ ಹೋಗುವುದಕ್ಕೆ. ಬೀರು ಬರಿದು ಮಾಡಿ ಹುಡುಕಿದರೂ ಅವನ ಅಂಗಿ, ಪ್ಯಾಂಟು, ಸ್ವೆಟರು ಒಂದೂ ಪಾಸಾಗಲಿಲ್ಲ. ಎಲ್ಲದರ ಒಳಗಿನ ಚೀಟಿಯಲ್ಲೂ ಪಾಲಿಯೆಸ್ಟರ್ ಹಲ್ಲು ಕಿರಿಯುತ್ತಿತ್ತು. ಇಡೀ ಮನೆಯಲ್ಲಿ ಅಪ್ಪಟ ಹತ್ತಿಯದೆಂದರೆ ಹೆಂಡತಿಯ ಹೂಹೂವಿನ ನೈಟಿ ಒಂದೇ.

“ಅದನ್ನ ಹಾಕ್ಕೊಂಡು ಮೇಲೆ ಹೋಗ್ತೀರಾ? ನಾಳೆಯಿಂದ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?” ಎಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಇದು ವಿಜ್ಞಾನ ಕಣೇ!” ಎಂದವನೇ ನೈಟಿಯ ಅಂಚನ್ನು ಎತ್ತಿಹಿಡಿದು ಮೆಟ್ಟಿಲೇರಿಬಿಟ್ಟ.

ತಟ್ಟೆಯಿಂದ ಮಾರು ದೂರದಲ್ಲಿ ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಗುಲಾಬಿ ಬಣ್ಣದ ದಪ್ಪ ಕಂಬಳಿ ಹೊತ್ತು ಮೇಲೆ ಬಂದರು. ಬೆನ್ನ ಕಡೆಯಿಂದ ನೋಡಿ, “ಏನಮ್ಮಾ, ಇತ್ತೀಚೆಗೆ ಒಳ್ಳೆ ಪೀಪಾಯಿ ಆಗಿದ್ದೀಯಲ್ಲ,” ಎಂದರು. ಪೀಪಾಯಿ ತಿರುಗಿತು, ಅದಕ್ಕೆ ಮೀಸೆ ಇತ್ತು. ಅಜ್ಜಿಯ ಪ್ರಾಣ ಬಾಯಿಗೆ ಬಂತು.

“ಅಜ್ಜೀ, ದಮ್ಮಯ್ಯ, ಕಂಬಳಿ ಇಲ್ಲಿ ಕೊಡವಬೇಡಿ. ಅದ್ರಿಂದ ಪ್ಲಾಸ್ಟಿಕ್ ಉದುರುತ್ತೆ!”

“ಏನಂದೆ? ಇದು ನನ್ನ ಮೊಮ್ಮಗಳು ತಂದುಕೊಟ್ಟಿದ್ದು. ಕುರಿ ಉಣ್ಣೆ!”

“ಗುಲಾಬಿ ಬಣ್ಣದ ಕುರಿ ಎಲ್ಲಿರುತ್ತೆ ಅಜ್ಜೀ?”

“ಹಾಗಾದ್ರೆ ಎಲ್ಲಿ ಕೊಡವಲಿ? ನಿನ್ನ ತಲೆ ಮೇಲಾ?”

ಗಡಿಯಾರದವನು ಗೋಡೆಯಂಚಿಗೆ ಓಡಿ ಸುತ್ತ ನೋಡಿದ. ಕಟ್ಟಡದ ಹಿಂದೆ ಹಳೆಯ ಶೆಡ್ಡು. ಅದರ ಮಾಳಿಗೆಗೆ ಹೊರಗಿನಿಂದಲೇ ಮೆಟ್ಟಿಲಿತ್ತು. ಒಂದು ಮೂಲೆಯಲ್ಲಿ ಹೂಕುಂಡಗಳಿದ್ದದ್ದು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

“ಅಗೋ, ಆ ಶೆಡ್ಡಿನ ಮೇಲೆ ಹೋಗಿ! ಬಿಸಿಲೂ ಸೊಗಸಾಗಿದೆ.”

ಅಜ್ಜಿ ಗೊಣಗುತ್ತ ಇಳಿದರು. ಆದರೆ ನೈಟಿಯ ಸುದ್ದಿಯೂ ಅವರ ಜೊತೆಗೇ ಇಳಿದು ಮನೆಮನೆ ಸುತ್ತಿತು. ನೋಡನೋಡುತ್ತ ಟೆರೇಸು ತುಂಬಿತು. ಎಲ್ಲರಿಗಿಂತ ಮುಂದೆ ಕಟ್ಟಡದ ಸಂಘದ ಕಾರ್ಯದರ್ಶಿ, ಕೈಯಲ್ಲಿ ಉದ್ದನೆಯ ಪ್ಲಾಸ್ಟಿಕ್ ಪೊರಕೆ.

“ಏನ್ರೀ ಇದು? ವಿಜ್ಞಾನ ನಡೆಯೋ ಜಾಗ ಇಷ್ಟು ಗಲೀಜಾಗಿರೋದಾ? ಸರೀರಿ, ನಾನೇ ಗುಡಿಸ್ತೀನಿ!”

ಪೊರಕೆ ನೆಲ ಮುಟ್ಟುವ ಮೊದಲೇ ಗಡಿಯಾರದವನು ಮರಿಗಳ ಮೇಲೆ ರೆಕ್ಕೆ ಹರಡುವ ಕೋಳಿಯಂತೆ ಹಾರಿದ. ನೈಟಿ ಸ್ಟೂಲಿಗೆ ಸಿಕ್ಕಿಕೊಂಡಿತು. ಸ್ಟೂಲು ಉರುಳಿತು, ತಟ್ಟೆ ಗಾಳಿಗೆ ಹಾರಿತು. ಎಲ್ಲರೂ ಉಸಿರು ಬಿಗಿಹಿಡಿದರು. ಕೂದಲಿನಂಥ ಸ್ಪ್ರಿಂಗುಗಳನ್ನು ಕೂರಿಸಿ ಪಳಗಿದ ಆ ಬೆರಳುಗಳು ತಟ್ಟೆಯನ್ನು ಅಂತರದಲ್ಲೇ ಹೂವಿನಂತೆ ಹಿಡಿದುಕೊಂಡವು. ಜನ ಚಪ್ಪಾಳೆ ತಟ್ಟಿದರು.

“ಎಂಥಾ ಕೈ ರೀ ನಿಮ್ದು!” ಕಾರ್ಯದರ್ಶಿ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿ ಕೈಮುಗಿದರು. “ನಮ್ಮಿಂದ ಏನು ಸಹಾಯ ಬೇಕು, ಹೇಳಿ.”

“ಗುಡಿಸೋದು, ಕೊಡವೋದು ಏನಿದ್ರೂ ಆ ಶೆಡ್ಡಿನ ಮೇಲೆ ಇಟ್ಕೊಳ್ಳಿ. ಅದೇ ದೊಡ್ಡ ಉಪಕಾರ.”

ಕಟ್ಟಡಕ್ಕೆ ಕಟ್ಟಡವೇ ವಿಜ್ಞಾನದ ಸೇವೆಗೆ ಟೊಂಕ ಕಟ್ಟಿತು. ಯಾರೂ ಟೆರೇಸಿನತ್ತ ತಲೆಹಾಕಲಿಲ್ಲ. ರತ್ನಗಂಬಳಿ, ಪರದೆ, ಕಾಲೊರೆಸು, ಸೋಫಾದ ದಿಂಬು ಎಲ್ಲವೂ ಮೆರವಣಿಗೆಯಲ್ಲಿ ಶೆಡ್ಡಿನ ಕಡೆ ಹೊರಟವು. ಗಡಿಯಾರದವನು ಊಟ ಬಿಟ್ಟು, ನೆತ್ತಿ ಸುಡುವ ಬಿಸಿಲಿನಲ್ಲಿ ಅಲುಗಾಡದೆ ಕುಳಿತ.

ಸಂಜೆ ನಾದಿನಿ ಬಂದವಳು ಅವನನ್ನು ನೋಡಿ ನಿಂತೇಬಿಟ್ಟಳು. “ಭಾವ! ಬೆಳಿಗ್ಗೆಯಿಂದ ಹೀಗೇ ಕೂತಿದ್ದೀರಾ?” ಅವಳ ಕಣ್ಣು ತುಂಬಿತು. “ನನ್ನ ಕೆಲಸಾನ ಇಷ್ಟು ಗೌರವದಿಂದ ಯಾರೂ ಕಂಡಿರ್ಲಿಲ್ಲ. ಒಂದು ವಿಷಯ ಹೇಳ್ಬೇಕು, ಬೇಜಾರು ಮಾಡ್ಕೋಬೇಡಿ. ತಟ್ಟೆ ಇಟ್ಟ ಕಡೆ ಜನ ಮುತ್ತದೆ ಇರಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಇದನ್ನ ಎಲ್ರ ಕಣ್ಣಿಗೆ ಬೀಳೋ ಹಾಗಿಟ್ಟು, ಕಾವಲಿಗೆ ನಿಮ್ಮನ್ನ ಕೂರಿಸಿದೆ. ಊರೆಲ್ಲ ಇಲ್ಲಿ ಸೇರ್ಕೊಂಡ್ರೆ, ನಿಜವಾದ ತಟ್ಟೆ ತನ್ನ ಪಾಡಿಗೆ ತಾನಿರುತ್ತೆ ಅಂತ.”

ಗಡಿಯಾರದವನಿಗೆ ಒಂದು ಗಳಿಗೆ ಮುಖಕ್ಕೆ ಹೊಡೆದಂತಾಯಿತು. ಮರುಗಳಿಗೆ ಎದೆಯುಬ್ಬಿತು. ಎಂಥ ತಲೆ! ಎಷ್ಟು ಗಡಿಯಾರ ಬಿಚ್ಚಿದರೂ ಇಂಥ ನಾಜೂಕಿನ ಜೋಡಣೆಯನ್ನು ಅವನು ಕಂಡಿರಲಿಲ್ಲ.

“ಭಲೇ ಹುಡುಗಿ! ಹಾಗಾದ್ರೆ ನಿಜವಾದದ್ದು ಎಲ್ಲಿಟ್ಟಿದ್ದೀಯ?”

“ಯಾರೂ ಕಾಲಿಡದ ಜಾಗ ಭಾವ. ಹಿಂದಿನ ಶೆಡ್ಡಿನ ಮೇಲೆ, ಹೂಕುಂಡದ ಮರೇಲಿ.”

ಅವನು ದಡಬಡಿಸಿ ಎದ್ದ. ಕೆಳಗಿನಿಂದ ಧಪ್, ಧಪ್ ಎಂಬ ಸದ್ದು. ನಾದಿನಿ ಗೋಡೆಯಿಂದ ಬಗ್ಗಿ ನೋಡಿದಳು. ಸಂಜೆಯ ಬಿಸಿಲಿನಲ್ಲಿ ಶೆಡ್ಡಿನ ಮೇಲೆಲ್ಲ ಬಣ್ಣಬಣ್ಣದ ನವಿರು ದೂಳು ಮಂಜಿನಂತೆ ತೇಲುತ್ತಿತ್ತು. ಅದರ ನಡುವೆ ನಿಂತ ಅಜ್ಜಿ ಕಂಬಳಿ ಬೀಸುವುದನ್ನು ನಿಲ್ಲಿಸಿ, ಮುಖವೆತ್ತಿ ಕೂಗಿದರು:

“ಬಾರಮ್ಮಾ, ಬಾ! ಇಂಥ ಜಾಗ ಇರೋದೇ ನಮಗೆ ಗೊತ್ತಿರ್ಲಿಲ್ಲ. ಎಲ್ರನ್ನೂ ಇಲ್ಲಿಗೆ ಕಳಿಸಿದ್ದು ನಿನ್ನ ಭಾವನೇ. ದೇವರಂಥ ಮನುಷ್ಯ!”