ಖಾರದ ಘಾಟಿನಲ್ಲಿ ಪಾಠ

ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದೆ ನಮ್ಮ ಸರಕಾರಿ ಶಾಲೆ. ಬರುವವರಲ್ಲಿ ಹೆಚ್ಚಿನವರು ಕಾಯಿಯ ತೊಟ್ಟು ಬಿಡಿಸುವ ಕೂಲಿ ಹೆಣ್ಣುಮಕ್ಕಳ ಮಕ್ಕಳು. ಟೀಚರ್ ಅಂದಮೇಲೆ ಗಂಭೀರವಾಗಿರಬೇಕು ಎಂದು ದಿನಾ ಬೆಳಿಗ್ಗೆ ನಿಶ್ಚಯ ಮಾಡುತ್ತೇನೆ. ಪ್ರಾರ್ಥನೆ ಮುಗಿಯುವುದರೊಳಗೆ ಯಾರಾದರೂ ಅದನ್ನು ಕೆಡಿಸುತ್ತಾರೆ.

ಸಾಹೇಬರ ಸೀನು

ಸುಗ್ಗಿಯಲ್ಲಿ ಊರೆಲ್ಲ ಘಾಟು. ಅಂಥದ್ದೇ ಒಂದು ದಿನ ಸಾಹೇಬರೊಬ್ಬರು ತಪಾಸಣೆಗೆ ಬಂದರು. “ಇವಕ್ಕ ಮಗ್ಗಿನರ ಬರ್ತಾವೇನ್ರಿ?” ಎಂದು ಕೇಳಿದ ಧಾಟಿಯಲ್ಲೇ ಬರುವುದಿಲ್ಲ ಎಂಬ ನಂಬಿಕೆ ಇತ್ತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ ಹದಿನೇಳರ ಮಗ್ಗಿ ಕೇಳಿದರು.

ಅವಳು ಮಗ್ಗಿ ಶುರು ಮಾಡಿದಳು, ಅವರು ಸೀನಲು ಶುರು ಮಾಡಿದರು. ಸೀನು ಬಂದಾಗೆಲ್ಲ ಅವಳು ಮರ್ಯಾದೆಯಿಂದ ನಿಲ್ಲಿಸುವಳು, ಮುಗಿದ ಮೇಲೆ ಮುಂದುವರಿಸುವಳು. ಒಂದೂ ತಪ್ಪಲಿಲ್ಲ. ನೂರಾ ಎಪ್ಪತ್ತು ಮುಟ್ಟುವಷ್ಟರಲ್ಲಿ ಸಾಹೇಬರ ಕಣ್ಣಲ್ಲಿ ಧಾರಾಕಾರ ನೀರು. ಹುಡುಗಿ ತನ್ನ ಬಾಟಲಿ ಚಾಚಿ ಸಮಾಧಾನ ಮಾಡಿದಳು: “ಕುಡೀರಿ ಸರ. ಮಗ್ಗಿ ಅಂದ್ರ ಮೊದಲ ನಮಗೂ ಹಿಂಗ ಅಳು ಬರ್ತಿತ್ರಿ.”

ಕೂಸಿನ ಮೊದಲ ಮಾತು

ಒಬ್ಬಳು ಶಾಲೆ ಬಿಟ್ಟಳೆಂದು ಅವಳ ತಾಯಿ ಕೆಲಸ ಮಾಡುವ ಗೋದಾಮಿಗೇ ಹೋದೆ. ತಾಯಿ ಕಾಯಿ ಬಿಡಿಸುತ್ತಲೇ, “ಆಕಿ ಸಾಲಿಗೆ ಬಂದ್ರ ಕೂಸನ್ನ ಯಾರ ನೋಡಬೇಕ್ರಿ ಟೀಚರ?” ಅಂದಳು.

“ಕೂಸನ್ನೂ ಕರ್ಕೊಂಡ ಬರ್ಲಿ ಬಿಡವಾ,” ಅಂದೆ.

ಮರುದಿನದಿಂದ ಅಕ್ಕ ಬೆಂಚಿನ ಮೇಲೆ, ತಂಗಿ ನನ್ನ ಕುರ್ಚಿಯ ಪಕ್ಕ ಚಾಪೆಯ ಮೇಲೆ. ಸುಗ್ಗಿ ಮುಗಿಯುವ ಹೊತ್ತಿಗೆ ಅಕ್ಕ ಸರಾಗವಾಗಿ ಓದುತ್ತಿದ್ದಳು. ಆಗ ತಾಯಿ ಶಾಲೆಗೆ ಬಂದಳು, ಮುಖ ಬಿಗಿದುಕೊಂಡು. “ಹೆತ್ತಾಕಿ ನಾನ್ರಿ. ಈ ಕೂಸು ಅವ್ವ ಅನ್ನೂದ ಬಿಟ್ಟು, ನಾ ಕರದ್ರೂ ‘ಯೆಸ್ ತೀಚ’ ಅಂತೈತಿ. ಇದರ ಹೆಸರೂ ಸಾಲಿಗೆ ಹಚ್ಚಿಬಿಡ್ರಿ ಅತ್ಲಾಗ.”

ಮೈಕು ಕೆಟ್ಟ ದಿನ

ಏಳನೇ ತರಗತಿಯ ಹುಡುಗಿಯೊಬ್ಬಳು ಬಲು ಚುರುಕು. ಆದರೆ ಅವಳ ತಾಯಿ ತೀರ್ಮಾನಿಸಿಬಿಟ್ಟಿದ್ದಳು: “ಏಳನೆತ್ತೆ ಆತಲ್ರಿ, ಸಾಕು. ಇನ್ನ ನನ್ನ ಜೋಡಿ ಕಾಯಿ ಬಿಡಸಾಕ ಬರ್ಲಿ.” ಹಾವೇರಿಯ ಇಂಗ್ಲಿಷ್ ಭಾಷಣ ಸ್ಪರ್ಧೆ ಮುಗಿಯುವವರೆಗಾದರೂ ತಡಿ ಎಂದು ಕೈಮುಗಿದೆ.

ಅಲ್ಲಿ ರಾಣೆಬೆನ್ನೂರಿನ ದೊಡ್ಡ ಶಾಲೆಯ ಮಕ್ಕಳು ಟೈ ಕಟ್ಟಿಕೊಂಡು ಕುಳಿತಿದ್ದರು. ಅವರಿಗೆ ಭಾಷಣ ಕಲಿಸಲೆಂದೇ ಒಬ್ಬ ಮಾಸ್ತರು. ನಮ್ಮಲ್ಲಿ ಇಂಗ್ಲಿಷು, ಗಣಿತ, ಕವಾಯತು, ಎಲ್ಲಕ್ಕೂ ನಾನೇ. ಹುಡುಗಿ ಗೆಳತಿಯ ಬೂಟು ಹಾಕಿಕೊಂಡು ಬಂದಿದ್ದಳು.

ಸ್ಪರ್ಧೆ ಶುರುವಾಗುತ್ತಲೇ ಕರೆಂಟು ಹೋಯಿತು, ಮೈಕು ಸತ್ತಿತು. ಟೈ ಮಕ್ಕಳು ಚಂದವಾಗಿಯೇ ಮಾತಾಡಿದರು, ಆದರೆ ಮೊದಲ ಸಾಲಿನಾಚೆ ಯಾರಿಗೂ ಕೇಳಿಸಲಿಲ್ಲ. ನಮ್ಮಾಕಿಯೋ ದಿನಾ ಮಾರ್ಕೆಟ್ಟಿನ ಗದ್ದಲದಲ್ಲಿ ಅವ್ವನನ್ನು ಕೂಗಿ ಕರೆಯುವವಳು. “ರೆಸ್ಪೆಕ್ಟೆಡ್ ಜಡ್ಜಸ್” ಅಂದದ್ದೇ ತಡ, ಕಿಟಕಿಯ ಪಾರಿವಾಳಗಳು ಎದ್ದು ಹೋದವು. ಬರೀ ದನಿಯಲ್ಲ, ಮಾತೂ ಅಚ್ಚುಕಟ್ಟು. ನಿರ್ಣಾಯಕರು ಪರೀಕ್ಷಿಸಲೆಂದು ಕೇಳಿದ ಪ್ರಶ್ನೆಗಳಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಮೊದಲ ಬಹುಮಾನ ಅವಳಿಗೇ ಬಂತು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಅಲ್ಲಿಂದಲೇ ಅವಳ ತಾಯಿಗೆ ಫೋನ್ ಹಚ್ಚಿಕೊಟ್ಟೆ. “ಯವ್ವಾ, ಗೆದ್ದೇನಿ,” ಎಂದು ಹುಡುಗಿ ಒದರಿದಳು. ನಾನು ಫೋನ್ ಕಸಿದುಕೊಂಡು, “ಈಗರ ಹೈಸ್ಕೂಲಿಗೆ ಕಳಸ್ತೀ ಇಲ್ಲ?” ಅಂದೆ.

ಅತ್ತ ಸ್ವಲ್ಪ ಹೊತ್ತು ಮೂಗೆಳೆಯುವ ಸದ್ದು. ಆಮೇಲೆ, “ಕಳಸ್ತೇನ್ರಿ ಟೀಚರ. ಖರೇ ಕಳಸ್ತೇನಿ. ಆದ್ರ ಆಕಿ ಕೈಗೆ ಮತ್ತ ಫೋನ್ ಕೊಡಬ್ಯಾಡ್ರಿ. ಆಕಿ ದನಿ ಹಾವೇರಿಂದ ಫೋನಿಲ್ದನ ಕೇಳಾಕತ್ತೈತಿ.”