ಡಾಯ್ಲ್ ಹೇಳಿಕೊಟ್ಟ ಮೀನುಗಾರಿಕೆ

"ದೋಣಿಯಲ್ಲಿ ಡಾಯ್ಲ್‌ನ ಕುರ್ಚಿ ಖಾಲಿ ಇರಕೂಡದು. ಈ ಸಲದ ಪಂದ್ಯಕ್ಕೆ ನಾನೇ ಬರ್ತೀನಿ!"

ವರ್ಲೀನ್ ಹಾಗೆಂದು ಸಾರಿದ್ದು ಚರ್ಚಿನ ಭಾನುವಾರದ ಊಟದಲ್ಲಿ, ಒಂದು ಕೈಯಲ್ಲಿ ಹುರಿದ ಕೋಳಿಯ ಕಾಲು ಹಿಡಿದುಕೊಂಡು, ಗ್ರೆನಾಡಾ ಎಂಬ ಆ ಕೆರೆಯೂರಿಗೆ ಊರೇ ಕೇಳುವ ಹಾಗೆ. ಗಂಡ ಡಾಯ್ಲ್ ಜನವರಿಯಲ್ಲಿ ತೀರಿಕೊಂಡಿದ್ದ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ತಲೆಯೆತ್ತಲಿಲ್ಲ. ಆಮೇಲೆ ಊರಿನವರೆಲ್ಲ ವರ್ಲೀನಳ ಮುಂದೆ ಪಿಸುದನಿಯಲ್ಲೇ ಮಾತಾಡುತ್ತಿದ್ದರು. ಆ ಪಿಸುದನಿ ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಯಾರಾದರೂ ತನ್ನ ಜೊತೆ ಜೋರಾಗಿ ಜಗಳವನ್ನಾದರೂ ಆಡಬಾರದೆ ಎಂದು ಕಾಯುತ್ತಿದ್ದಳು.

ಎದುರಿಗೆ ಕೂತಿದ್ದ ಹರ್ಷೆಲ್ ಬಾಯಿಗೆ ಒಯ್ಯುತ್ತಿದ್ದ ಚಮಚ ಅರ್ಧದಾರಿಯಲ್ಲೇ ನಿಂತಿತು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಮದುವೆಯಾಗದವನು, ಮಾತಿನಲ್ಲಿ ಮಹಾ ಜಿಪುಣ. ಮೂವತ್ತು ವರ್ಷ ಡಾಯ್ಲ್‌ನ ಜೊತೆ ಕ್ರಾಪಿ ಮೀನಿನ ಪಂದ್ಯಗಳಿಗೆ ಹೋದವನು. ಕ್ರಾಪಿ ಪಂದ್ಯವೆಂದರೆ ಜೋಡಿಗಳ ಪಂದ್ಯ. ಒಂದು ದೋಣಿಗೆ ಇಬ್ಬರು, ಕೊನೆಗೆ ತೂಕಕ್ಕಿಡಲು ಏಳು ಮೀನು, ಹೆಚ್ಚು ತೂಗಿದ ಜೋಡಿಗೆ ಕಪ್.

"ಮಿಸ್ ವರ್ಲೀನ್, ನೀವು ಯಾವತ್ತಾದರೂ ಮೀನು ಹಿಡಿದಿದ್ದೀರಾ?" ಎಂದ, ಮದುವೆಯಾದವರನ್ನೂ ಗೌರವಕ್ಕೆ 'ಮಿಸ್' ಎನ್ನುವ ಆ ಊರಿನ ರೂಢಿಯಂತೆ.

"ಹಿಡಿದಿಲ್ಲ. ಹಿಡಿಯೋನ ಜೊತೆ ಸಂಸಾರ ಮಾಡಿದ್ದೀನಿ. ಪಾದ್ರಿ ಮನೆ ಬೆಕ್ಕಿಗೂ ಪ್ರಾರ್ಥನೆ ಬರುತ್ತೆ ಕಣೋ ಹರ್ಷೆಲ್! ಶನಿವಾರ ಶನಿವಾರ ರಾತ್ರಿ ಊಟಕ್ಕೆ ಕೂತಾಗ ಡಾಯ್ಲ್ ನನಗೆ ಹೇಳಿಕೊಡದ ಗುಟ್ಟೇ ಇಲ್ಲ. ಈ ಕೆರೇಲಿ ಅವನಂಥ ಮೀನುಗಾರ ಹುಟ್ಟಿಲ್ಲ ಅಂತ ನಿನಗೂ ಗೊತ್ತಲ್ಲ?"

ಹರ್ಷೆಲ್ ಚಮಚವನ್ನು ತಟ್ಟೆಯಲ್ಲಿಟ್ಟ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಅದೇ ಬಾಯಿಗೆ ಆಲೂಗಡ್ಡೆ ತುಂಬಿಕೊಂಡ.

ತಾಲೀಮು ಮರುದಿನವೇ ಶುರುವಾಯಿತು. ಮನೆಮುಂದಿನ ಹುಲ್ಲಿನಲ್ಲಿ ನಿಂತು ವರ್ಲೀನ್ ಡಾಯ್ಲ್‌ನ ಉದ್ದನೆಯ ಗಾಳದ ಕೋಲನ್ನು ಬೀಸಿದಳು. ಡಾಯ್ಲ್‌ನ ಮೊದಲ ಸೂತ್ರ: "ಕಚ್ಚಿತು ಅನ್ನಿಸಿದ ಕೂಡಲೇ ಕಳೆ ಕಿತ್ತ ಹಾಗೆ ಕಿತ್ತುಬಿಡಬೇಕು!" ಆ ಹೊತ್ತಿಗೆ ಸರಿಯಾಗಿ ಪಾದ್ರಿಯ ಹೆಂಡತಿ ಹೊಸ ವಿಧವೆಗೆ ಸಮಾಧಾನ ಹೇಳಲು ಹಣ್ಣಿನ ಕಡುಬು ಹಿಡಿದು ಬರುತ್ತಿದ್ದರು. ಗಾಳಕ್ಕೆ ಏನೋ ಕಚ್ಚಿತು. ವರ್ಲೀನ್ ಸೂತ್ರ ಪಾಲಿಸಿದಳು. ಮುಂದಿನ ಗಳಿಗೆಯಲ್ಲಿ ಪಾದ್ರಿಯ ಹೆಂಡತಿಯ ಟೋಪಿ ಆಕಾಶಮಾರ್ಗವಾಗಿ ಸಂಚರಿಸಿ ಪೆಕಾನ್ ಮರದ ತುದಿಯಲ್ಲಿ ವಿರಾಜಮಾನವಾಯಿತು! ಕಡುಬು ಮಾತ್ರ ಭೂಮಾರ್ಗ ಹಿಡಿಯಿತು.

ಆ ಸಂಜೆ ವರ್ಲೀನ್ ಒಬ್ಬಳೇ ಅಡುಗೆಮನೆಯಲ್ಲಿ ಬಿದ್ದುಬಿದ್ದು ನಕ್ಕಳು. ನಗುತ್ತಲೇ, "ಡಾಯ್ಲ್, ಕೇಳಿದೆಯೇನೋ..." ಎಂದು ತಿರುಗಿದಳು. ಎದುರಿನ ಕುರ್ಚಿಯಲ್ಲಿ ಅವನ ಜಾಕೆಟ್ ಮಾತ್ರ ತೂಗುತ್ತಿತ್ತು. ಊಟದ ಮನೆಗೆ ಹೋಗಿ ಪಂದ್ಯಗಳಲ್ಲಿ ಬಹುಮಾನವಾಗಿ ಬಂದು ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಡಾಯ್ಲ್‌ನ ಕಪ್‌ಗಳನ್ನೆಲ್ಲ ಇಳಿಸಿ, ಧೂಳಿಲ್ಲದಿದ್ದರೂ ಒರೆಸಿ, ಮತ್ತೆ ಇಟ್ಟಳು. ಮಕ್ಕಳಿಲ್ಲದ ಮನೆ. ಅವನು ಬಿಟ್ಟುಹೋದದ್ದೆಂದರೆ ಅವೇ.

ಪಂದ್ಯದ ಬೆಳಿಗ್ಗೆ ಕೆರೆಯ ಮೇಲೆ ಮಂಜು ಹಬೆಯಾಡುತ್ತಿತ್ತು. ದೋಣಿಗಳೆಲ್ಲ ಸಾಲುಗಟ್ಟಿದ್ದವು. ವರ್ಲೀನ್ ಡಾಯ್ಲ್‌ನ ಟೋಪಿ ಇಟ್ಟುಕೊಂಡು ಸೇನಾಧಿಪತಿಯ ಹಾಗೆ ದೋಣಿಯ ಮುಂಭಾಗದಲ್ಲಿ ನಿಂತಳು. ದೋಣಿ ನೀರಿಗಿಳಿಯಿತು. ಸ್ವಲ್ಪ ಹೊತ್ತಿಗೆ ನೀರು ದೋಣಿಗಿಳಿಯಿತು!

"ಮಿಸ್ ವರ್ಲೀನ್, ಹಿಂದುಗಡೆ ನೀರು ಬಸಿಯೋ ತೂತಿಗೆ ಬಿರಡೆ ಹಾಕಿದ್ರಾ?"

"ದೋಣಿಗೆ ಯಾರಾದ್ರೂ ತೂತು ಮಾಡ್ತಾರೇನೋ? ಯಾವ ಬಿರಡೆ?"

"ಅದೇ... ಅದೇ," ಎಂದು ಗೊಣಗುತ್ತಾ ಹರ್ಷೆಲ್ ಮಂಡಿವರೆಗಿನ ತಣ್ಣೀರಿನಲ್ಲಿಳಿದು ಬಿರಡೆ ತಿರುಗಿಸಿದ. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ವರ್ಲೀನ್ ಅದನ್ನು ಸ್ವಾಗತವೆಂದುಕೊಂಡು ಕೈ ಬೀಸಿದಳು.

ಆಚೆ ಮುಳುಗಿದ ಮರದ ಬೊಡ್ಡೆಗಳ ಹತ್ತಿರ ಹರ್ಷೆಲ್ ಕೋಲುಗಳನ್ನು ದೋಣಿಯ ಮೂತಿಯ ಸುತ್ತ ಜೇಡನ ಕಾಲುಗಳಂತೆ ಹರಡಿ, ಒಂದೊಂದರ ತುದಿಗೂ ಜೀವಂತ ಮರಿಮೀನು ಚುಚ್ಚಿ ಇಳಿಬಿಟ್ಟ. ದೋಣಿ ಆಮೆಯ ನಡಿಗೆಯಲ್ಲಿ ಸಾಗಿತು. ವರ್ಲೀನಳ ಕೋಲಿನ ತುದಿ ಬಾಗಿತು.

"ಮೆಲ್ಲಗೆ ಎತ್ತಿ, ಮಿಸ್ ವರ್ಲೀನ್. ಕ್ರಾಪಿ ಬಾಯಿ ಒದ್ದೆ ಕಾಗದ ಇದ್ದ ಹಾಗೆ..."

ಅಷ್ಟರಲ್ಲಿ ಅವಳು ಕಳೆ ಕಿತ್ತಾಗಿತ್ತು. ಮೀನು ಕೆರೆಯಲ್ಲೇ ಉಳಿಯಿತು. ಗಾಳದ ತುದಿಗೆ ಮೀನಿನ ತುಟಿಯ ಚೂರೊಂದು ಬಂತು. ಇನ್ನೊಂದು ಕಚ್ಚಿತು, ಇನ್ನೊಂದು ತುಟಿ ಬಂತು. ಮೂರನೆಯದಕ್ಕೆ ಎಂಥ ಎಳೆತ ಕೊಟ್ಟಳೆಂದರೆ ಅವಳ ದಾರ ಹರ್ಷೆಲ್‌ನ ದಾರವನ್ನು ಅಪ್ಪಿ, ಅದು ಪಕ್ಕದ್ದನ್ನು ಅಪ್ಪಿ, ಕೋಲುಗಳೆಲ್ಲ ಕೂಡಿ ಒಂದು ಹಕ್ಕಿಗೂಡು ಕಟ್ಟಿದವು. ಕ್ರಾಪಿ ಅಂದರೆ ಕ್ರಾಪು ಅಲ್ಲ ನಿಜ. ಆದರೂ ಆ ಬೆಳಿಗ್ಗೆ ಅದು ಇಬ್ಬರ ತಲೆಯನ್ನೂ ನುಣ್ಣಗೆ ಬೋಳಿಸಿತು!

"ನಿನ್ನ ದಾರ ಯಾಕೋ ನನ್ನ ದಾರಿಗೆ ಅಡ್ಡ ಬರುತ್ತೆ?"

"ತಪ್ಪಾಯ್ತು, ಮಿಸ್ ವರ್ಲೀನ್."

ಹರ್ಷೆಲ್ ಗಂಟು ಬಿಡಿಸಿದ. ಮತ್ತೆ ಕೋಲು ಹರಡಿದ. ಮಾತಿಲ್ಲದೆ, ಅವಸರವಿಲ್ಲದೆ, ಮಲಗಿದ ಮಗುವನ್ನು ಎತ್ತುವ ಹಾಗೆ ಒಂದೊಂದೇ ಮೀನನ್ನು ಎತ್ತತೊಡಗಿದ. ಬೆಳ್ಳಿಯ ಮೈಗೆ ಇದ್ದಿಲ ಪುಡಿ ಎರಚಿದಂಥ ಅಗಲ ಮೀನುಗಳು ದೋಣಿಯೊಳಗಿನ ನೀರಿನ ತೊಟ್ಟಿ ಸೇರಿದವು. ಮಧ್ಯಾಹ್ನದ ಹೊತ್ತಿಗೆ ಏಳೂ ಆದವು, ಏಳೂ ಭಾರಿ ಮೀನು. ಪಕ್ಕದ ದೋಣಿಯವರು ಕತ್ತು ಉದ್ದ ಮಾಡಿ ನೋಡಿದರು. ಇವತ್ತು ಕಪ್ ಖಂಡಿತ ಎಂದು ವರ್ಲೀನಳ ಎದೆ ಉಬ್ಬಿತು. ತನ್ನ ಪಾಲಿನ ಸೇವೆಯೂ ಸಲ್ಲಲಿ ಎಂದುಕೊಂಡಳು. ಬಿಸಿಲೇರಿತ್ತು, ಮೀನುಗಳಿಗೆ ಹೊಸ ನೀರು ಬೇಕಲ್ಲ! ಕೆಂಪು ಗುಂಡಿ ಒತ್ತಿದರೆ ಹೊಸ ನೀರು ಬರುತ್ತದೆಂದು ಡಾಯ್ಲ್ ಎಷ್ಟು ಸಲ ಹೇಳಿರಲಿಲ್ಲ? ಒತ್ತಿ, ಬನ್ನಿನ ನಡುವೆ ಹಂದಿಮಾಂಸ ಇಟ್ಟು ತಂದಿದ್ದ ಬುತ್ತಿ ಬಿಚ್ಚಿದಳು.

ತಿಂದು ಕೈ ಒರೆಸಿಕೊಳ್ಳುವಾಗ ತೊಟ್ಟಿಯೊಳಗಿಂದ ಪಟಪಟ ಸದ್ದು ಕೇಳಿತು. ಹರ್ಷೆಲ್ ಮುಚ್ಚಳ ತೆಗೆದ. ಕೆಂಪು ಗುಂಡಿ ನೀರನ್ನೆಲ್ಲ ಹೊರಗೆ ಚೆಲ್ಲಿ ತೊಟ್ಟಿ ಒಣಗಿತ್ತು. ಎರಡು ಮೀನು ಇನ್ನೂ ಒದ್ದಾಡುತ್ತಿದ್ದವು. ಮಿಕ್ಕವು ಬಾಯಿ ಬಿಟ್ಟುಕೊಂಡು ಮಲಗಿಬಿಟ್ಟಿದ್ದವು. ಸತ್ತ ಮೀನನ್ನು ಈ ಪಂದ್ಯದಲ್ಲಿ ತೂಕಕ್ಕೆ ತೆಗೆದುಕೊಳ್ಳುವುದಿಲ್ಲ. ಹರ್ಷೆಲ್ ಬಕೆಟ್ಟಿನಿಂದ ಕೆರೆನೀರು ಮೊಗೆದು ಸುರಿದು ಆ ಎರಡನ್ನು ಉಳಿಸಿಕೊಂಡ.

"ಡಾಯ್ಲ್... ಡಾಯ್ಲ್ ಕೆಂಪು ಗುಂಡಿ ಅಂದಿದ್ದ," ಎಂದಳು ವರ್ಲೀನ್. ದನಿ ಸಣ್ಣಗಾಗಿತ್ತು.

ಹರ್ಷೆಲ್‌ನ ಭುಜ ಅಲುಗಿತು. ಬೈಯುತ್ತಾನೆಂದುಕೊಂಡಳು. ಅವನು ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ, ಟೋಪಿ ತೆಗೆದು ನಕ್ಕ. ನಗುತ್ತಾ ನಗುತ್ತಾ ಟೋಪಿಯನ್ನು ಮುಖಕ್ಕೊತ್ತಿಕೊಂಡ. ಆಮೇಲೆ ಬಂದ ಸದ್ದು ನಗುವಿನದಾಗಿರಲಿಲ್ಲ.

"ಹರ್ಷೆಲ್! ಏನಾಯ್ತೋ?"

"ಅದೇ ಎಳೆತ, ಅದೇ ಬಿರಡೆ, ಅದೇ ಕೆಂಪು ಗುಂಡಿ. ಅವನೇ ಎದ್ದು ಬಂದು ಕೂತ ಹಾಗಿತ್ತು, ಮಿಸ್ ವರ್ಲೀನ್."

"ಯಾರು?"

"ಡಾಯ್ಲ್‌ಗೆ ಮೀನು ಹಿಡಿಯೋಕೆ ಬರ್ತಿರಲಿಲ್ಲ."

ವರ್ಲೀನಳ ಮುಖ ಕೆಂಪಾಯಿತು. "ಸತ್ತವನು ಬಂದು ಜವಾಬು ಕೊಡಲ್ಲ ಅಂತ ಬಾಯಿಗೆ ಬಂದಿದ್ದು ಹೇಳ್ತೀಯಾ? ಹಾಗಾದ್ರೆ ಕಪಾಟಿನ ತುಂಬ ಇರೋ ಕಪ್‌ಗಳು ಎಲ್ಲಿಂದ ಬಂದವು? ವಾರವಾರ ಒರೆಸಿದ್ದೀನಿ ನಾನು!"

"ಪಂದ್ಯ ಇಬ್ಬರದು, ಕಪ್ ಕೂಡ ಇಬ್ಬರದು."

"ಮೀನು ಯಾರದು?"

ಹರ್ಷೆಲ್ ತೊಟ್ಟಿಯ ಮುಚ್ಚಳ ಮುಚ್ಚಿ ತನ್ನ ಕೋಲುಗಳ ಕಡೆ ನೋಡಿದ.

"ನಿನ್ನ ಕಪ್‌ಗಳನ್ನೆಲ್ಲ ಅವನಿಗೆ ಯಾಕೋ ಕೊಟ್ಟೆ?"

"ನನ್ನ ಮನೇಲಿ ಇಟ್ಟಿದ್ರೆ ಯಾರು ನೋಡ್ತಿದ್ರು, ಗೋಡೆಯಾ? ಅವನು ಕಪ್ ಹಿಡ್ಕೊಂಡು ಮೆಟ್ಟಿಲು ಹತ್ತಿದ್ರೆ ನೀವು ಬಾಗಿಲಲ್ಲೇ ತಬ್ಬಿಕೊಳ್ತಿದ್ರಿ. ನಾನು ಟ್ರಕ್ಕಲ್ಲಿ ಕೂತು ನೋಡ್ತಿದ್ದೆ. ಎರಡು ಸಲ ಹಾರ್ನ್ ಹೊಡೆದು ಮನೆಗೆ ಹೋಗ್ತಿದ್ದೆ. ಅಷ್ಟು ಸಾಕಾಗ್ತಿತ್ತು."

ವರ್ಲೀನ್ ಡಾಯ್ಲ್‌ನ ಕುರ್ಚಿಯಲ್ಲಿ ಕುಸಿದಳು. ಜನವರಿಯಲ್ಲಿ ಹೋದ ಗಂಡ ಈಗ ಕೆರೆಯ ನಡುವೆ ಇನ್ನೊಂದು ಸಲ ಹೋದ ಹಾಗಾಯಿತು. ಮಣ್ಣು ಮಾಡಿದ ದಿನ ನೆಂಟರ ಮುಂದೆ ಗಟ್ಟಿಯಾಗಿ ನಿಂತಿದ್ದವಳು ಈಗ ಕರವಸ್ತ್ರವಿಲ್ಲದೆ, ಮೀನು ಒರೆಸುವ ಬಟ್ಟೆಯನ್ನೇ ಮುಖಕ್ಕೆ ಹಿಡಿದು ಅತ್ತಳು. ಹರ್ಷೆಲ್ ಅಡ್ಡ ಬರಲಿಲ್ಲ. ದೋಣಿ ತೇಲಲು ಬಿಟ್ಟು ಕೂತ.

ಕಣ್ಣೊರೆಸಿಕೊಂಡು ಅವಳೇ ಕೇಳಿದಳು. "ಮೀನು ಹಿಡೀತಿರಲಿಲ್ಲ ಅಂದ್ರೆ ಬೆಳಗಿನಿಂದ ಸಂಜೆವರೆಗೂ ಇಲ್ಲಿ ಏನು ಮಾಡ್ತಿದ್ದ?"

"ಮಾತಾಡ್ತಿದ್ದ."

"ಏನು ಮಾತು?"

"ಏನಿಲ್ಲ ಹೇಳಿ! ಟೊಮೆಟೊ ಗಿಡಕ್ಕೆ ಬಂದ ಹುಳ. ಸೋರೋ ಸೂರು. ಬೆಕ್ಕುಮೀನಿಗೆ ಮೀಸೆ ಯಾಕೆ ಬಂತು. ನೀವು ಚರ್ಚಲ್ಲಿ ಅಪಸ್ವರ ಹಾಡಿದ್ದು. ಮೀನು ಹೆದರಿ ಆಚೆ ದಡಕ್ಕೆ ಓಡಿಹೋಗ್ತಿದ್ದವು. ಬಾಯಿ ಮುಚ್ಚೋ ಅಂತ ಮೂವತ್ತು ವರ್ಷ ಹೇಳಿದೆ." ಅವನು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. "ಮುಚ್ಚಿದ. ಈಗ ಈ ಕೆರೇಲಿ ಕೂತ್ಕೊಳ್ಳೋಕೆ ಆಗ್ತಿಲ್ಲ, ಮಿಸ್ ವರ್ಲೀನ್."

ಆಗ ಅವಳ ಕೋಲಿನ ತುದಿ ಮೆತ್ತಗೆ ಬಾಗಿತು. ವರ್ಲೀನ್ ಎದ್ದಳು. ಈ ಸಲ ಕೀಳಲಿಲ್ಲ. ಉಸಿರು ಬಿಗಿಹಿಡಿದು ಎತ್ತಿದಳು, ಎತ್ತಿದಳು, ಎತ್ತುತ್ತಲೇ ಹೋದಳು. ಮೀನು ತುಟಿಸಮೇತ ದೋಣಿಯೊಳಗೆ ಬಂತು! ಹರ್ಷೆಲ್ ಅದನ್ನು ಅಳತೆಪಟ್ಟಿಯ ಮೇಲಿಟ್ಟ.

"ಬೆರಳಗಲ ಕಮ್ಮಿ. ಇಷ್ಟು ಚಿಕ್ಕದನ್ನ ಇಟ್ಕೊಳ್ಳೋ ಹಾಗಿಲ್ಲ."

"ಅಂದ್ರೆ?"

"ಬಿಡಬೇಕು."

ಅವಳು ಮೀನನ್ನು ಎರಡು ಕೈಯಲ್ಲೂ ಹಿಡಿದು ನೀರಿಗಿಳಿಸಿದಳು. ಅದು ಒಂದು ಗಳಿಗೆ ಅಂಗೈಯಲ್ಲೇ ನಿಂತಿತ್ತು, ಆಮೇಲೆ ಹೋಯಿತು. ಬರಿಗೈ ನೀರಿನಲ್ಲೇ ಇಟ್ಟುಕೊಂಡು ಅವಳು ಸ್ವಲ್ಪ ಹೊತ್ತು ಬಾಗಿಯೇ ಇದ್ದಳು.

ತೂಕದ ಕಟ್ಟೆಯಲ್ಲಿ ಹೆಸರು ಬದಲಾಯಿಸುವುದನ್ನು ಯಾರೋ ಮರೆತಿದ್ದರು. "ಮುಂದಿನ ಜೋಡಿ, ಹರ್ಷೆಲ್ ಮತ್ತು ಡಾಯ್ಲ್!" ಎಂದು ಧ್ವನಿವರ್ಧಕ ಕೂಗಿತು. ಕೂಗಿದವನು ನಾಲಗೆ ಕಚ್ಚಿಕೊಂಡ. ವರ್ಲೀನ್ ಟೋಪಿ ಸರಿಮಾಡಿಕೊಂಡು ಕಟ್ಟೆ ಹತ್ತಿದಳು. ಬದುಕುಳಿದಿದ್ದ ಎರಡು ಮೀನನ್ನು ತಕ್ಕಡಿಗಿಟ್ಟಳು. ಎಲ್ಲರ ಲೆಕ್ಕ ಮುಗಿದಾಗ ಪಟ್ಟಿಯ ಕಟ್ಟಕಡೆಯಲ್ಲಿ ಅವರ ಜೋಡಿ ಒಬ್ಬರಿಗೂ ಜಾಗ ಬಿಡದೆ ಕೂತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದರೂ ಒಂದಿಷ್ಟು ಹುಳಿಯಾದರೂ ಕೈಗೆ ಅಂಟುತ್ತಿತ್ತು!

ಸೂರ್ಯ ಇಳಿಯುವಾಗ ಇಬ್ಬರೂ ದೋಣಿಯನ್ನು ಟ್ರಕ್ಕಿಗೆ ಕಟ್ಟಿದರು. ಹರ್ಷೆಲ್ ಹಗ್ಗ ಬಿಗಿಯುತ್ತಾ, ಮುಖ ಎತ್ತದೆ ಹೇಳಿದ.

"ಮುಂದಿನ ತಿಂಗಳು ಸಾರ್ಡಿಸ್ ಕೆರೇಲಿ ಇನ್ನೊಂದು ಪಂದ್ಯ ಇದೆ."

"ಹೋಗಿ ಬಾ. ಈ ಸಲ ಮೀನು ಹಿಡಿಯೋಕೆ ಬರೋರನ್ನ ಜೊತೆಗೆ ಕರ್ಕೋ. ಕೈ ಮುಗೀತೀನಿ, ಇವತ್ತು ಮಾಡಿದ್ದೇ ಸಾಕು ನನಗೆ."

ಹರ್ಷೆಲ್ ಹಗ್ಗದ ಗಂಟನ್ನು ಎಳೆದು ನೋಡಿದ. ಗಟ್ಟಿಯಾಗಿತ್ತು.

"ಮೀನು ಹಿಡಿಯೋಕೆ ಬರೋರು ಬೇಕಾಗಿದ್ರೆ, ಮಿಸ್ ವರ್ಲೀನ್, ಮೂವತ್ತು ವರ್ಷ ನಿಮ್ಮ ಗಂಡನ್ನ ಯಾಕೆ ಕೂರಿಸಿಕೊಂಡು ತಿರುಗ್ತಿದ್ದೆ?"