ಶಂಕ್ರೆಪ್ಪ ಮಾಸ್ತರರ ಗಾಳದ ಕಾನೂನು

ಹುಟ್ಟಿದಂದಿನಿಂದ ಮೀನು ಮುಟ್ಟದ ಲಿಂಗವಂತರ ಮನುಷ್ಯ ಊರ ಮಕ್ಕಳಿಗೆ ಗಾಳ ಹಾಕುವ ವಿದ್ಯೆ ಕಲಿಸಲು ಹೊರಟರೆ ಏನಾಗುತ್ತದೆ? ಕೊಹೀರಿನ ನಿವೃತ್ತ ಶಂಕ್ರೆಪ್ಪ ಮಾಸ್ತರರನ್ನು ಕೇಳಿ. ಬೇಡ, ಇವತ್ತು ಕೇಳಬೇಡಿ, ಸಿಟ್ಟಿನಲ್ಲಿದ್ದಾರೆ.

ರಜೆಗೆ ಬಂದ ಮೊಮ್ಮಗಳು ಲಾವಣ್ಯ ಮೂರು ಹೊತ್ತೂ ಮೊಬೈಲಿನೊಳಗೆ ಮುಖ ಹುಗಿದು ಕೂತಿದ್ದನ್ನು ಕಂಡು ಅವರಿಗೆ ಮಹಾ ಜ್ಞಾನೋದಯವಾಯಿತು. ಮಕ್ಕಳನ್ನು ಕೆರೆಗೆ ಕರೆದೊಯ್ಯಬೇಕು. ಮೀನು ಹಿಡಿಯಬೇಕು, ಕಣ್ತುಂಬ ನೋಡಬೇಕು, ಮತ್ತೆ ನೀರಿಗೇ ಬಿಡಬೇಕು. ಮೀನಿನ ಮೇಲೆ ಮಮತೆ ಹುಟ್ಟಿದರೆ ಕೆರೆಯ ಮೇಲೂ ಹುಟ್ಟುತ್ತದೆ! (ಗಾಳ ಹಾಕುವುದನ್ನು ಅವರು ಕಲಿತದ್ದು ಅದೇ ಮೊಬೈಲಿನಲ್ಲಿ.)

"ಲಿಂಗಪೂಜಿ ಮಾಡೋ ಕೈಯಾಗ ಗಾಳ? ಅರಳು ಮರಳು ಆತೇನ್ರಿ ನಿಮಗ?" ಎಂದರು ಹೆಂಡತಿ ಸುಂದರಬಾಯಿ, ರೊಟ್ಟಿ ಬಡಿಯುತ್ತ.

"ಹಿಡದು ಬಿಡ್ತೀವಿ, ತಿನ್ನಲ್ಲ. ಹುಳಾನೂ ಮುಟ್ಟಂಗಿಲ್ಲ. ನಿನ್ನ ಜ್ವಾಳದ ಹಿಟ್ಟೇ ಗಾಳಕ್ಕ ಚುಚ್ಚತೀವಿ."

"ಭಾಳ ಚಲೋ ಆತು! ನಿಮಗೂ ನಾನೇ ಹಾಕಬೇಕು, ಮೀನಿಗೂ ನಾನೇ ಹಾಕಬೇಕು. ನೋಡ್ರಿ, ಕೆರಿ ವಾಸನಿ ಹೊತ್ಕೊಂಡು ಬಂದ್ರಿ ಅಂದ್ರ ಹೊರಗ ಕಟ್ಟಿ ಮ್ಯಾಲೇ ಊಟ. ಒಳಗ ಬಿಡಂಗಿಲ್ಲ."

ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿನ್ನುವ ನಲವತ್ತು ವರ್ಷದ ಸುಖ ಅಪಾಯಕ್ಕೆ ಸಿಕ್ಕಿತು. ಆದರೂ ಮಾಸ್ತರರು ಜಗ್ಗಲಿಲ್ಲ.

ರವಿವಾರ ಬೆಳಿಗ್ಗೆ ಹನ್ನೆರಡು ಮಕ್ಕಳ ಚತುರಂಗ ಸೈನ್ಯ ಕೆರೆ ಏರಿ ಹತ್ತಿತು. ನೀರಿನ ಮೇಲೆ ಪ್ಲಾಸ್ಟಿಕ್ ಚೀಲಗಳು ತೇಲುತ್ತಿದ್ದವು. ಅದನ್ನು ಕಂಡು ಮಾಸ್ತರರ ರಕ್ತ ಕುದಿಯಿತು.

"ಕಾನೂನು ಕೇಳ್ರಿ! ಮೀನ ಸಿಕ್ರ ನೀರಿಗಿ, ಕಸ ಸಿಕ್ರ ದಂಡಿಗಿ. ಕಸ ಒಗದವರ ಹೆಸರು ಗೊತ್ತಾತು ಅಂದ್ರ, ಅವರ ತಲಿ ಮ್ಯಾಲೇ ಹೊರಿಸಿ ಮನಿತನಕ ಮೆರವಣಗಿ!"

ಮಕ್ಕಳು ಹೋ ಎಂದರು. ಅಷ್ಟರಲ್ಲಿ ಬೆರಳುದ್ದದ ಮೀನೊಂದು ಒಬ್ಬಳ ಗಾಳಕ್ಕೆ ಬಿತ್ತು. "ಕೈ ತೋಯಿಸ್ಕೊಂಡು ಹಿಡಿಯವ್ವ, ಒಣ ಕೈ ಅದರ ಮೈಗಿ ಆಗಂಗಿಲ್ಲ," ಎಂದು ಮಾಸ್ತರರು ಎರಡು ಮಾರು ದೂರದಿಂದಲೇ ಬೋಧಿಸಿದರು. ಮೀನು ಪುಳಕ್ಕನೆ ನೀರಿಗಿಳಿದಾಗ ಅವರಿಗೆ ಕಣ್ಣಲ್ಲಿ ನೀರೇ ಬಂತು.

"ಅಜ್ಜಾ! ದೊಡ್ಡದು! ಭಾಳ ದೊಡ್ಡದು!" ಲಾವಣ್ಯಳ ಕೋಲು ಬಿಲ್ಲಿನಂತೆ ಬಾಗಿತ್ತು. ಹನ್ನೆರಡೂ ಮಕ್ಕಳು ಒಬ್ಬರ ಸೊಂಟ ಒಬ್ಬರು ಹಿಡಿದು ಜಗ್ಗಿದರು. ಮೇಲೆ ಬಂದದ್ದು ಕೆಸರು ಮೆತ್ತಿದ, ಗಂಟು ಕಟ್ಟಿದ ಸೀರೆ ಅಂಗಡಿಯ ಚೀಲ. ಒಳಗೆ ಕೊಳೆತ ದೇವರ ಪಟಗಳು, ಅವುಗಳ ನಡುವೆ ತಾಂಡೂರ ಕಲ್ಲಿನ ಒಂದು ಚಪ್ಪಟೆ ಫಲಕ.

"ಯಾವ ನಾಲಾಯಕ್ ಒಗದಾನ ಇದು? ಕಲ್ಲಿನ ಮ್ಯಾಲೆ ಹೆಸರು ಕೊರದದ ನೋಡು. ಗಟ್ಟಿಯಾಗಿ ಓದು!" ಎಂದು ಮಾಸ್ತರರು ದೂರದಿಂದಲೇ ಗುಡುಗಿದರು.

ಲಾವಣ್ಯ ಗಟ್ಟಿಯಾಗಿಯೇ ಓದಿದಳು. "ಆದರ್ಶ ಶಿಕ್ಷಕ ಶಂಕ್ರೆಪ್ಪನವರಿಗೆ, ತಾಂಡೂರಿನ ಶಿಷ್ಯರ ಕಾಣಿಕೆ."

ಹತ್ತಿರ ಬಂದು ಬಗ್ಗಿ ನೋಡಿದ ಮಾಸ್ತರರಿಗೆ ಚೀಲದ ಗುರುತು ಹತ್ತಿತು. ಹೋದ ವರ್ಷದ ಯುಗಾದಿಗೆ ಸುಂದರಬಾಯಿ ಹಳೇ ದೇವರ ಪಟಗಳನ್ನು ಕಸಕ್ಕೆ ಹಾಕಬಾರದೆಂದು ಚೀಲದಲ್ಲಿ ಕಟ್ಟಿ "ಕೆರಿಗಿ ಬಿಟ್ಟು ಬರ್ರಿ" ಎಂದು ಕೊಟ್ಟಿದ್ದರು. ಬಿಚ್ಚಿ ನೋಡದೆ, ಭಕ್ತಿಯಿಂದ ಕೈಮುಗಿದು, ಬೀಸಿ ಒಗೆದವರು ಸ್ವತಃ ಇವರೇ! ಆಮೇಲೆ ವರ್ಷವಿಡೀ ಆ ಫಲಕಕ್ಕಾಗಿ ಮನೆಯೆಲ್ಲ ತಡಕಾಡಿದ್ದರು.

ಕಾನೂನು ಕಾನೂನೇ. ಕೆಸರು ಸೋರುವ ಚೀಲ ಮಾಸ್ತರರ ತಲೆಯೇರಿತು. ಹಿಟ್ಟು ತಂದಿದ್ದ ತಾಟು ಬಡಿಯುತ್ತ ಮೆರವಣಿಗೆ ಮನೆ ತಲುಪಿತು.

"ಅಯ್ಯ ಶಿವನೇ, ಈ ಕಲ್ಲು ಮತ್ತ ಬಂತಾ?" ಎಂದು ಸುಂದರಬಾಯಿ ಮೂಗು ಮುಚ್ಚಿಕೊಂಡರು.

"ಮತ್ತ ಅಂದ್ರ? ಬೇಕಂತಲೇ ಹಾಕಿದ್ದೇನು ನೀನು?"

"ಹೌದ್ರಿ. ಎರಡು ಸಲ ನನ್ನ ಕಾಲ ಮ್ಯಾಲೆ ಬಿದ್ದದ. ಕಟ್ಟಿದಾಕಿ ನಾನು. ಕೆರಿಗಿ ಒಗದವರು ಯಾರು?"

"ಮಾಸ್ತರ್!" ಎಂದು ಹನ್ನೆರಡು ಕಂಠಗಳು ಕೂಗಿದವು.

ಮಧ್ಯಾಹ್ನ ಊಟ ಕಟ್ಟೆಯ ಮೇಲೆಯೇ ಬಂತು. ಸುಂದರಬಾಯಿ ಆ ಕಲ್ಲನ್ನು ತಿಕ್ಕಿ ತೊಳೆದು ಗಂಡನ ಮುಂದಿಟ್ಟು, ಅದರ ಮೇಲೆ ರೊಟ್ಟಿಯ ತಾಟು ಇಟ್ಟರು.

"ಬರಾಬರ್ ಕುಂತದ ನೋಡ್ರಿ. ಇಷ್ಟು ವರ್ಷಕ್ಕ ಇದು ಒಂದು ಕೆಲಸಕ್ಕ ಬಂತು."